ಕ್ಲಾರಿನೆಟ್ ನುಡಿಸುವ ಮಗಳಿಗೊಂದು ಪತ್ರ

ಪುಟ್ಟಿ,

ಶನಿವಾರದ ಕಾರ್ಯಕ್ರಮದಲ್ಲಿ ಬ್ಯಾಂಜೋ, ಪಿಟೀಲು ನುಡಿಸುವವರಿಗೇ ಎಲ್ಲ ಚಪ್ಪಾಳೆ, ನಮ್ಮ ಕಾಲೇಜಿನ ಆರ್ಕೆಸ್ಟ್ರಾ ಸುಮ್ನೆ ಹಿಂದೆ ಕೂತಿರೋದು ಅಂತ ಫೋನಲ್ಲಿ ಬೇಜಾರು ಮಾಡಿಕೊಂಡೆ. ನನಗೆ ಹಾಗನ್ನಿಸುವುದಿಲ್ಲ ಮಗಳೇ.

ಅಮೆರಿಕದ ಸಂಗೀತ ರಚನಕಾರ ಕಾಪ್‌ಲ್ಯಾಂಡ್ ಅವರ 'ಅಪಲೇಷಿಯನ್ ಸ್ಪ್ರಿಂಗ್' ಶುರುವಾಗುವುದೇ ನಿನ್ನ ವಾದ್ಯದಿಂದ. ಸ್ವರಗಳು ಒಂದೊಂದಾಗಿ ಮೆಲ್ಲಗೆ ಮೇಲೇರುತ್ತವೆ, ಉಳಿದವರು ಬಂದು ಸೇರುತ್ತಾರೆ. 1944ರಲ್ಲಿ ಮಾರ್ಥಾ ಗ್ರಹಾಂ ಅವರ ನೃತ್ಯಕ್ಕೆ ಮೊದಲು ಬರೆದಾಗ ಇದ್ದದ್ದೇ 13 ಜನ, ಅದರಲ್ಲಿ ಊದುವ ವಾದ್ಯ ಮೂರೇ. ಆ ಮೂರರಲ್ಲಿ ನಿನ್ನದೂ ಒಂದು! ಅಮೆರಿಕದ ಶೇಕರ್ ಅನ್ನುವ ಕ್ರೈಸ್ತ ಪಂಥದ ಜೋಸೆಫ್ ಬ್ರಾಕೆಟ್ 1848ರಲ್ಲಿ ಕಟ್ಟಿದ ಹಾಡು ಕೊನೆಯ ಭಾಗದಲ್ಲಿ ಬರುತ್ತದಲ್ಲ, ಅದನ್ನೂ ಮೊದಲು ಹಾಡುವುದು ಕ್ಲಾರಿನೆಟ್ಟೇ. ಕುಣಿಯುತ್ತಾ ಹಾಡಲಿಕ್ಕೆ ಮಾಡಿದ ಹಾಡು ಅದು. ಜಾಸ್ತಿ ಭಾವ ತುಂಬಲು ಹೋಗಬೇಡ, ಹೆಜ್ಜೆ ಹಾಕುವವರಿಗೆ ತಾಳ ಸಿಗುವ ಹಾಗೆ ನೇರವಾಗಿ ನುಡಿಸು.

ಇನ್ನು ಬೀಥೋವನ್. 1808ರ ಆ ಪ್ಯಾಸ್ಟೋರಲ್ ಸಿಂಫನಿಯ ಎರಡನೇ ಭಾಗ, ಹಳ್ಳದ ಪಕ್ಕದ್ದು, ಮುಗಿಯುವ ಹೊತ್ತಿಗೆ ಇಡೀ ಆರ್ಕೆಸ್ಟ್ರಾ ನಿಲ್ಲುತ್ತದೆ, ಮೂರು ಹಕ್ಕಿಗಳು ಮಾತ್ರ ಕೂಗುತ್ತವೆ. ಕೊಳಲಲ್ಲಿ ನೈಟಿಂಗೇಲ್, ಓಬೋದಲ್ಲಿ ಬುರ್ಲಿ ಹಕ್ಕಿ, ಎರಡು ಕ್ಲಾರಿನೆಟ್ಟಲ್ಲಿ ಕುಕ್ಕೂ. ಬೀಥೋವನ್ ಸ್ವರಪಟ್ಟಿಯಲ್ಲೇ ಹಕ್ಕಿಗಳ ಹೆಸರು ಬರೆದಿಟ್ಟಿದ್ದಾರೆ. ನಮ್ಮ ಕೋಗಿಲೆಯ ದನಿ ಏರುತ್ತಾ ಹೋಗುತ್ತದೆ, ಯುರೋಪಿನ ಕುಕ್ಕೂ ಇಳಿಯುತ್ತದೆ, ಇರುವುದು ಎರಡೇ ಸ್ವರ. ಪಕ್ಕದವಳ ಉಸಿರು ನೋಡಿಕೊಂಡು ಇಬ್ಬರೂ ಒಟ್ಟಿಗೆ ಬಿಡಬೇಕು, ಇಲ್ಲದಿದ್ದರೆ ಎರಡು ಹಕ್ಕಿ ಜಗಳವಾಡಿದ ಹಾಗೆ ಕೇಳುತ್ತದೆ, ಅಲ್ವಾ?

ಬ್ಯಾಂಜೋ ಬಗ್ಗೆಯೂ ಮುನಿಸು ಬೇಡ. ಪಶ್ಚಿಮ ಆಫ್ರಿಕಾದಿಂದ ಅಮೆರಿಕದ ಕಡೆಗೆ ಗುಲಾಮರಾಗಿ ಹಿಡಿದು ತಂದ ಜನ ತಮ್ಮ ನೆಲದ ವಾದ್ಯಗಳ ನೆನಪಲ್ಲಿ ಸೋರೆ ಬುರುಡೆಗೆ ಚರ್ಮ ಬಿಗಿದು ತಂತಿ ಕಟ್ಟಿದ್ದು ಅದು. ಅಷ್ಟು ಕಷ್ಟದಲ್ಲೂ ಹಾಡು ಬಿಡಲಿಲ್ಲ ಅನ್ನುವುದು ನೆನೆದರೆ ನನಗೆ ಗಂಟಲು ಕಟ್ಟುತ್ತದೆ. ಆಮೇಲೆ ಅಮೆರಿಕದ ಅಪಲೇಷಿಯನ್ ಬೆಟ್ಟದ ಊರುಗಳಲ್ಲಿ ಅದು ಪಿಟೀಲಿನ ಜೊತೆ ಸೇರಿತು. ನೀನು ನುಡಿಸುವ ವೇದಿಕೆಗೆ ಅದು ಬಂದಿದೆ ಅಂದರೆ ನನಗೆ ತುಂಬಾ ಸಂತೋಷ.

ಅಭ್ಯಾಸ ಮುಗಿದ ಮೇಲೆ ಬ್ಯಾಂಜೋದವರನ್ನು ಮಾತಾಡಿಸು. ಅದರ ಐದನೇ ತಂತಿ ಗಿಡ್ಡ, ಕೋಲಿನ ಮಧ್ಯದಿಂದ ಶುರುವಾಗುತ್ತದೆ, ಹೆಬ್ಬೆರಳಲ್ಲಿ ಮೀಟುತ್ತಾರೆ. ಹತ್ತಿರದಿಂದ ನೋಡಿ, ಒಂದು ಸಲ ಮೀಟಿಯೂ ನೋಡಿ, ಆ ತಂತಿ ಹಾಡಿನುದ್ದಕ್ಕೂ ಒಂದೇ ಸ್ವರ ಹಿಡಿಯುತ್ತದಾ ಅಂತ ಕೇಳಿ ನನಗೆ ಹೇಳು.

ನಿನ್ನ ಅಮ್ಮ