ಯುಗಾದಿಯೊಳಗೆ ಗುಂಡಿಯ ಮುಚ್ಚಳ ತೆಗೆಸು

ಬಸವೇಶ್ವರನಗರ, ಬೆಂಗಳೂರು

ಚಿ. ರಘುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ದೊಡ್ಡಪ್ಪನ ಮಂಡಿನೋವು ಹಾಗೇ ಇದೆ. ಶಿವರಾತ್ರಿ ಕಳೆದು ಚಳಿ ಶಿವಶಿವಾ ಅಂತ ಹೊರಟುಹೋಯಿತು. ಈಗಲೇ ಮಧ್ಯಾಹ್ನ ಫ್ಯಾನಿನ ಕೆಳಗೆ ಕೂತರೂ ಬೆವರು.

ಮೊನ್ನೆ ಫೋನಿನಲ್ಲಿ ಬೋರಿನ ನೀರು ಇಳಿದಿದೆ ಅಂದೆ. ಟ್ಯಾಂಕರ್ ತರಿಸುತ್ತಿದ್ದೀರಂತೆ. ನೀರು ಉಳಿಸೋಣ ಅಂತ ಫ್ಲಶ್ ನಿಲ್ಲಿಸಿ ಮಗ್ಗಿನಲ್ಲಿ ಸುರಿಯುತ್ತಿದ್ದೀರಂತೆ. ಮನೆಯಲ್ಲಿ ಕೆಟ್ಟ ವಾಸನೆ ಬೇರೆ. ಕೊನೆಗೆ, 'ಸೆಪ್ಟಿಕ್ ಟ್ಯಾಂಕ್ ವಿಷಯ ಮಳೆಗಾಲದಲ್ಲಿ ನೋಡಿದರೆ ಸಾಕಲ್ವಾ ದೊಡ್ಡಮ್ಮಾ, ಈಗೆಲ್ಲಾ ಒಣಗಿಕೊಂಡೇ ಇದೆಯಲ್ಲ' ಅಂತ ಕೇಳಿದೆ. ಸಾಲದು ಕಣೋ. ನೋಡಬೇಕಾದ್ದೇ ಈಗ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದವಳು ರಿಟೈರ್ ಆದ ಮೇಲೂ ಸುಮ್ಮನಿರಲ್ಲ ಅಂತ ದೀಪಾ ನಗಬಹುದು. ನಗಲಿ.

ಮೊದಲು ವಾಸನೆ. ಮಹಡಿ ಮೇಲಿನ ಬಚ್ಚಲು ಬಳಸುವುದನ್ನೇ ಬಿಟ್ಟಿದ್ದೀರಿ ಅಂದೆಯಲ್ಲ, ನನಗೆ ಅದರ ಮೇಲೇ ಅನುಮಾನ. ನೆಲದ ಜಾಲರಿಯ ಕೆಳಗೆ ನಾನಿ ಟ್ರ್ಯಾಪ್ ಅಂತ ಇರುತ್ತದೆ, ಪ್ಲಂಬರ್‌ನ ಕೇಳು, ತೋರಿಸುತ್ತಾನೆ. ಅದರಲ್ಲಿ ಒಂದಿಷ್ಟು ನೀರು ಸದಾ ನಿಂತಿರಬೇಕು. ಗುಂಡಿಯ ಗಾಳಿ ಮನೆಯೊಳಗೆ ಬರದ ಹಾಗೆ ತಡೆಯುವುದು ಆ ನೀರೇ. ಬೇಸಿಗೆಯಲ್ಲಿ, ಬಳಸದ ಬಚ್ಚಲಲ್ಲಿ, ಅದು ಆರಿಹೋಗುತ್ತದೆ. ಆಮೇಲೆ ಎಷ್ಟು ಫಿನಾಯಿಲ್ ಹಾಕಿ ಒರೆಸಿದರೂ ಅಷ್ಟೇ. ವಾರಕ್ಕೊಮ್ಮೆ ಒಂದು ಮಗ್ಗು ನೀರು ಅದರೊಳಗೆ ಸುರಿ. ಅಲ್ಲಿನ ಕಮೋಡಿಗೂ ಸುರಿ. ಅಕ್ಕಿ ತೊಳೆದ ನೀರಾದರೂ ನಡೆಯುತ್ತದೆ. ತಾರಸಿಗೆ ಹೋದ ಗಾಳಿ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ಚೂರು ಕಟ್ಟಿದ್ದೀರಾ ನೋಡು. ಸೆಪ್ಟಿಕ್ ಟ್ಯಾಂಕಿನ ಕೊಳೆನೀರು ಕ್ಯೂಲೆಕ್ಸ್ ಸೊಳ್ಳೆಗೆ ಬಲು ಇಷ್ಟ.

ಇನ್ನು ಮಗ್ಗಿನ ವಿಷಯ. ಬರೀ ಮೂತ್ರಕ್ಕಾದರೆ ಮಗ್ಗು ಸಾಕು. ಇನ್ನೊಂದಕ್ಕೆ ಸಾಲದು. ಕಣ್ಣೆದುರಿನಿಂದ ಹೋಯಿತು ಅಂದರೆ ಟ್ಯಾಂಕಿಗೆ ತಲುಪಿತು ಅಂತ ಅಲ್ಲ. ನಿಮ್ಮ ಕಮೋಡಿನಿಂದ ಟ್ಯಾಂಕಿನವರೆಗೆ 4 ಇಂಚಿನ ಪೈಪು ಮನೆಯ ಉದ್ದಕ್ಕೂ ಹೋಗಿದೆ. ನೂಕುವಷ್ಟು ನೀರು ಬರದಿದ್ದರೆ ಗಟ್ಟಿ ಪದಾರ್ಥ ದಾರಿಯಲ್ಲೇ ಕೂತು, ಒಣಗಿ, ಅಂಟಿಕೊಳ್ಳುತ್ತದೆ. ನಾಳೆ ಕಟ್ಟಿಕೊಂಡಾಗ ಟೈಲ್ಸ್ ಒಡೆಸಬೇಕಾಗುತ್ತದೆ. ಹಾಗಂತ ಕುಡಿಯೋ ನೀರು ಸುರಿ ಅನ್ನುತ್ತಿಲ್ಲ. ವಾಷಿಂಗ್ ಮಷಿನ್ ಕೊನೆಯ ಸಲ ಜಾಲಿಸಿ ಬಿಟ್ಟ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಡಿ. ಅದರಿಂದ ಅರ್ಧ ಬಕೆಟ್ ಒಂದೇ ಏಟಿಗೆ ಸುರಿಯಿರಿ. ಆರ್‌ಓ ಮಷಿನ್ ಹೊರಗೆ ಬಿಡುವ ನೀರೂ ಆಗುತ್ತದೆ. ಉಳಿತಾಯ ಆಗಬೇಕಾದ್ದು ನಲ್ಲಿಯಲ್ಲಿ, ಶವರಿನಲ್ಲಿ, ಕಾರು ತೊಳೆಯುವಲ್ಲಿ. 2024ರ ಮಾರ್ಚಿನಲ್ಲಿ ನಗರದಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಹಾಕಿದ್ದು ನೆನಪಿದೆ ತಾನೇ?

ಟ್ಯಾಂಕರ್ ನೀರು ಗಡಸು. ಕಮೋಡಿನಲ್ಲಿ, ಟೈಲ್ಸಿನ ಮೇಲೆ ಬಿಳಿ ಕಲೆ ಬೀಳುತ್ತದೆ. ಕಲೆ ಕಂಡ ಕೂಡಲೇ ನಮ್ಮ ಜನ ಆ್ಯಸಿಡ್ ಬಾಟಲಿ ಹುಡುಕುತ್ತಾರೆ. ನೀರು ಹೇರಳವಾಗಿ ಹೋಗುವ ಕಾಲದಲ್ಲಿ ಸ್ವಲ್ಪ ಆ್ಯಸಿಡ್ ಹೋದರೆ ಹೇಗೋ ತೆಳುವಾಗುತ್ತದೆ. ಈಗ ಹೋಗುತ್ತಿರುವ ನೀರೇ ಕಡಿಮೆ. ಆ್ಯಸಿಡ್, ಬ್ಲೀಚಿಂಗ್ ಪೌಡರ್, ಫಿನಾಯಿಲ್ ಎಲ್ಲ ಗಾಢವಾಗೇ ಟ್ಯಾಂಕಿಗೆ ಇಳಿದು, ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಬೆಚ್ಚಗಿನ ಕಾಲದಲ್ಲಿ ಅವು ಚುರುಕಾಗಿ ಕೆಲಸ ಮಾಡುತ್ತವೆ, ಬಿಟ್ಟುಬಿಡಿ ಅವುಗಳನ್ನು. ಕಲೆಗೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್ ಪುಡಿ) ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಹೋಗುತ್ತದೆ. ಹಾಗೆಯೇ ಅಂಗಡಿಯಲ್ಲಿ ಮಾರುವ ಬ್ಯಾಕ್ಟೀರಿಯಾ ಪುಡಿಯೂ ಬೇಡ, ನಿಮ್ಮತ್ತೆ ಹೇಳಿದ ಬೆಲ್ಲ ಮೊಸರೂ ಬೇಡ. ನಾವು ದಿನಾ ಕಳಿಸುವುದರಲ್ಲೇ ಬೇಕಾದಷ್ಟು ಬ್ಯಾಕ್ಟೀರಿಯಾ ಇದೆ. ಬೆಲ್ಲವನ್ನು ಪಾನಕಕ್ಕೆ ಹಾಕಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಯುಗಾದಿಯೊಳಗೆ ಮುಚ್ಚಳ ತೆಗೆಸು. ನೀನೇ ತೆಗೆಯಬೇಡ, ಕೆಲಸ ಗೊತ್ತಿದ್ದವರಿಂದ ತೆಗೆಸು. ತೆಗೆದ ಮೇಲೆ ಸ್ವಲ್ಪ ಹೊತ್ತು ಎಲ್ಲರೂ ದೂರ ನಿಲ್ಲಿ. ಬಗ್ಗಿ ಮುಖ ಇಟ್ಟು ನೋಡಬೇಡ. ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು, ಒಳಗೆ ಮೀಥೇನ್ ಇರುತ್ತದೆ.

ನೀರು ಮೇಲಿನವರೆಗೂ ಇದೆ ಅಂತ ಗಾಬರಿಯಾಗಬೇಡ. ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ಹೊರಹೋಗುವ ಪೈಪಿನ ಮಟ್ಟಕ್ಕೆ ತುಂಬೇ ಇರಬೇಕು. ಅದಕ್ಕಿಂತ ತುಂಬಾ ಕೆಳಗೆ ಇಳಿದಿದ್ದರೆ ಆಗ ಚಿಂತೆ ಮಾಡು. ಎಲ್ಲೋ ಗೋಡೆಯೋ ತಳವೋ ಬಿರುಕು ಬಿಟ್ಟು ಕೊಳೆನೀರು ನೆಲಕ್ಕೆ ಹೋಗುತ್ತಿದೆ ಅಂತ ಅರ್ಥ. ಮಳೆಗಾಲದಲ್ಲಿ ಸುತ್ತಲ ಮಣ್ಣೇ ನೆನೆದಿರುತ್ತದೆ, ಇಂಥದ್ದು ಗೊತ್ತಾಗುವುದು ಕಷ್ಟ. ಟ್ಯಾಂಕಿನಿಂದ ಹೊರಬಂದ ನೀರು ನೆಲಕ್ಕೆ ಇಂಗುವ ಇಂಗುಗುಂಡಿಯದು ಇದಕ್ಕೆ ಉಲ್ಟಾ. ಈ ಒಣ ನೆಲದಲ್ಲೂ ಅದು ತುಂಬಿ ನಿಂತಿದ್ದರೆ ಜಿಡ್ಡು, ಕೆಸರು ಕೂತು ಬದಿಗಳು ಮುಚ್ಚಿಕೊಂಡಿವೆ. ಅಂಥ ಗುಂಡಿ ಸೆಪ್ಟೆಂಬರಿನ ಮಳೆಗೆ ಖಂಡಿತಾ ಉಕ್ಕುತ್ತದೆ, ಬೆಂಗಳೂರಲ್ಲಿ ಆ ತಿಂಗಳ ಮಳೆ ಹೇಗೆ ಅಂತ ನಿನಗೆ ಹೇಳಬೇಕಾ? ಈಗಲೇ ಮೇಸ್ತ್ರಿಯನ್ನು ಕರೆಸಿ ರಿಪೇರಿ ಮಾಡಿಸು.

ಟ್ಯಾಂಕಿನಲ್ಲಿ ಕೊಳೆ ಎಷ್ಟಿದೆ ಅಂತ ನೋಡಲು ಉದ್ದನೆ ಗಳುವಿಗೆ ಹಳೇ ಬಿಳಿ ಟವೆಲ್ ಸುತ್ತಿ ತಳ ಮುಟ್ಟುವವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿಸು. ಎಲ್ಲಿಯವರೆಗೆ ದಪ್ಪ ಕಪ್ಪು ಹಿಡಿದಿದೆಯೋ ಅಷ್ಟು ಕೆಸರು. ಮೇಲೆ ತೇಲುವ ಪದರ, ತಳದ ಕೆಸರು ಎರಡೂ ಸೇರಿ ನೀರಿನ ಆಳದ ಮೂರನೇ ಒಂದು ಭಾಗಕ್ಕೆ ಬಂದಿದ್ದರೆ ಕೆಸರು ಎಳೆದುಕೊಳ್ಳುವ ಸಕ್ಕಿಂಗ್ ಲಾರಿ ಕರೆಸಲೇಬೇಕು. ಸಾಧಾರಣವಾಗಿ 2–3 ವರ್ಷಕ್ಕೊಮ್ಮೆ ತೆಗೆಸಬೇಕು. ನೀವು ಮನೆ ಕಟ್ಟಿದಾಗಿನಿಂದ ತೆಗೆಸಿಯೇ ಇಲ್ಲ ಅಲ್ವಾ?

ನೀರು ಕಡಿಮೆ ಹೋದಷ್ಟೂ ಆ ಮೇಲಿನ ಪದರ, ಆರಿದ ರಾಗಿ ಅಂಬಲಿಯ ಮೇಲೆ ಕಟ್ಟುತ್ತಲ್ಲ, ಹಾಗೆ ಗಟ್ಟಿಯಾಗುತ್ತದೆ. ತಳದ ಕೆಸರೂ ಹಾಗೇ ಬಿಗಿಯುತ್ತದೆ. ಆಗ ಸಕ್ಕಿಂಗ್ ಲಾರಿಯವರು ತೆಳು ನೀರನ್ನೆಲ್ಲ ಎಳೆದುಕೊಂಡು, 'ಸಾರ್, ತಳದಲ್ಲಿ ಗಟ್ಟಿ ಇದೆ, ಪೈಪಿಗೆ ಬರಲ್ಲ. ಹುಡುಗನ್ನ ಇಳಿಸ್ತೀವಿ, ಸ್ವಲ್ಪ ಮೇಲೆ ಹಾಕಿಕೊಡಿ' ಅನ್ನುತ್ತಾರೆ. ನಾನು ಇಷ್ಟುದ್ದ ಬರೆಯುತ್ತಿರುವುದೇ ಈ ಒಂದು ಮಾತಿಗಾಗಿ. ಒಪ್ಪಬೇಡ ರಘು. ಅವನೇ ಇಳಿಯುತ್ತೇನೆ ಅಂದರೂ ಒಪ್ಪಬೇಡ. ನೀರು ತೆಗೆದ ಟ್ಯಾಂಕಿನ ಕೆಸರನ್ನು ಕಲಕಿದಾಗಲೇ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಗಾಳಿ ಏಳುವುದು. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಜಾಸ್ತಿಯಾದಾಗ ಮೂಗು ಸತ್ತು ವಾಸನೆಯೇ ಗೊತ್ತಾಗುವುದಿಲ್ಲ, ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಪೇಪರಿನಲ್ಲಿ ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸತ್ತರು ಅಂತ ಓದುತ್ತೀಯಲ್ಲ, ಆಗುವುದು ಹೀಗೇ. ಸಾಯುವವರು ಯಾವ ಕೇರಿಯವರು ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ನಮ್ಮ ಮನೆಯ ಹೊಲಸಿಗೆ ಇನ್ನೊಬ್ಬರ ಮನೆಯ ಮಗ ಇಳಿಯಬಾರದು.

ಕಾನೂನೂ ಇದನ್ನೇ ಹೇಳುತ್ತದೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ರಕ್ಷಣೆಯಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ, ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಲಾರಿಯವರಿಗೆ ಮಾತ್ರ ಅಂದುಕೊಳ್ಳಬೇಡ, ಇಳಿಸಿದವರು ಯಾರೇ ಆದರೂ ಅನ್ವಯಿಸುತ್ತದೆ. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ ಅನ್ನು.

ಹಾಗಾದರೆ ಗಟ್ಟಿ ಕೆಸರಿಗೆ ಏನು ಮಾಡುವುದು? ಲಾರಿ ಎಳೆದುಕೊಂಡ ನೀರನ್ನೇ ವಾಪಸ್ ಒತ್ತಡದಲ್ಲಿ ಒಳಗೆ ಬಿಟ್ಟು, ಕೆಸರು ಕದಡಿ, ಮತ್ತೆ ಎಳೆಯಬಹುದು. ಒಳ್ಳೆಯ ಗಾಡಿಯವರಿಗೆ ಈ ಕೆಲಸ ಗೊತ್ತಿರುತ್ತದೆ. ಫೋನಿನಲ್ಲಿ ರೇಟು ಮಾತಾಡುವಾಗಲೇ 'ಯಾರೂ ಒಳಗೆ ಇಳಿಯುವ ಹಾಗಿಲ್ಲ' ಅಂತ ಹೇಳಿಬಿಡು. ಪೂರ್ತಿ ತೊಳೆದು ಹೊಳೆಯಿಸುವುದೂ ಬೇಡ, ತಳದಲ್ಲಿ ಸ್ವಲ್ಪ ಕೆಸರು ಉಳಿದರೆ ಬ್ಯಾಕ್ಟೀರಿಯಾಗಳಿಗೆ ಹೆಪ್ಪಿನ ಹಾಗೆ, ಒಳ್ಳೆಯದು. ಇನ್ನೊಂದು, ಎಲ್ಲಿ ಸುರಿಯುತ್ತೀರಿ ಅಂತ ಕೇಳು. ದೇವನಹಳ್ಳಿಯಲ್ಲಿ ಇಂಥ ಕೆಸರನ್ನು ಸಂಸ್ಕರಿಸುವ ಘಟಕ 2015ರಿಂದ ಇದೆ, ಆದ್ದರಿಂದ ಕೆರೆಗೆ, ರಾಜಕಾಲುವೆಗೆ ಸುರಿಯದೆ ಬೇರೆ ದಾರಿಯೇ ಇಲ್ಲ ಅನ್ನುವ ಮಾತು ನಂಬಬೇಡ. ಉತ್ತರ ತಡವರಿಸಿದರೆ ಬೇರೆ ಗಾಡಿ ನೋಡು.

ನಿಮ್ಮ ಟ್ಯಾಂಕು ಕಾರ್ ಪೋರ್ಟಿಕೋ ಕೆಳಗೇ ಇದೆ. ನೀರಿನ ಟ್ಯಾಂಕರ್ ಕಾಂಪೌಂಡಿನೊಳಗೆ ಬರುತ್ತಿದೆಯಾ? 6,000 ಲೀಟರ್ ಅಂದರೆ ನೀರೇ 6 ಟನ್, ಲಾರಿಯ ತೂಕ ಬೇರೆ. ಆ ಚಪ್ಪಡಿ ನಿನ್ನ ಕಾರಿಗೆ ತಡೆದೀತು, ಇದಕ್ಕಲ್ಲ. ಹೊರಗೆ ನಿಲ್ಲಿಸಿ ಪೈಪ್ ಎಳೆದು ಸಂಪಿಗೆ ಬಿಡಲಿ.

ಇನ್ನು ಬೋರು. ಸೆಪ್ಟಿಕ್ ಟ್ಯಾಂಕಿನ ಬಗ್ಗೆ ಇರುವ ಭಾರತೀಯ ಮಾನಕ ಐಎಸ್ 2470ರಲ್ಲಿ ಇಂಗುಗುಂಡಿ ಕುಡಿಯುವ ನೀರಿನ ಮೂಲದಿಂದ 18 ಮೀಟರ್ ದೂರ ಇರಬೇಕು ಅಂತಿದೆ. ನಿಮ್ಮದು 30x40 ಅಡಿ ಸೈಟು, ಆ ಮೂಲೆಯಿಂದ ಈ ಮೂಲೆಗೆ ಅಳೆದರೂ ಸುಮಾರು 15 ಮೀಟರ್ ಅಷ್ಟೇ. ಜೊತೆಗೆ ಎರಡೂ ಕಡೆ ಪಕ್ಕದ ಮನೆಯವರ ಗುಂಡಿ. ತಾವರೆಕೆರೆ ಕಡೆಯ ಹೊಸ ಲೇಔಟುಗಳೆಲ್ಲ ಹೀಗೇ. ಅದಕ್ಕೇ ಬೋರಿನ ನೀರನ್ನು ವರ್ಷಕ್ಕೊಮ್ಮೆ ಲ್ಯಾಬಿಗೆ ಕೊಟ್ಟು ಈ-ಕೊಲೈ (ಮಲದಿಂದ ಬರುವ ಬ್ಯಾಕ್ಟೀರಿಯಾ), ನೈಟ್ರೇಟ್ ಎರಡನ್ನೂ ನೋಡಿಸು. ಈ-ಕೊಲೈ ಇರಲೇಬಾರದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಈ-ಕೊಲೈ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಪುಟ್ಟಿಗೆ ಡಬ್ಬಿ ಹಾಲು ಕಲಸುತ್ತಿದ್ದೀರಿ ಅಂತ ನೆನಪಿಟ್ಟುಕೋ. ಆರು ತಿಂಗಳೊಳಗಿನ ಮಗುವಿಗೆ ನೈಟ್ರೇಟ್ ಜಾಸ್ತಿಯಿದ್ದ ನೀರು ಅಪಾಯ. ರಿಪೋರ್ಟ್ ಬರುವವರೆಗೆ ಆರ್‌ಓ ನೀರೇ ಬಳಸಿ.

ನಿಮ್ಮ ಬೋರು ಪೂರ್ತಿ ಬತ್ತಿದರೆ ಯಾರೋ ಒಬ್ಬ ಬುದ್ಧಿವಂತ ಬಂದು, 'ಸುಮ್ನೆ ಹಾಳಾಗ್ತಿದೆ, ಸೆಪ್ಟಿಕ್ ನೀರು ಅದಕ್ಕೇ ಬಿಟ್ಟುಬಿಡಿ, ಜನ್ಮದಲ್ಲಿ ಲಾರಿ ಬೇಡ' ಅಂತ ಹೇಳುತ್ತಾನೆ. ಅಗ್ಗದ ದಾರಿ ಅನ್ನಿಸುತ್ತದೆ. ನೂರಾರು ಅಡಿ ಮಣ್ಣು ಸೋಸಬೇಕಾದ ಕೊಳೆಯನ್ನು ನೇರವಾಗಿ ಊರವರೆಲ್ಲ ಕುಡಿಯುವ ಅಂತರ್ಜಲಕ್ಕೆ ಸುರಿದ ಹಾಗೆ ಅದು. ಬತ್ತಿದ ಬೋರಿಗೆ ಭದ್ರವಾದ ಮುಚ್ಚಳ ಹಾಕಿಸು, ಮಕ್ಕಳಿರುವ ಬೀದಿ.

ಲಾರಿ ಬರುವ ದಿನ ನಿಗದಿಯಾದ ಮೇಲೆ ಒಂದು ಫೋನ್ ಮಾಡು. ಅವತ್ತು ದೀಪಾ, ಪುಟ್ಟಿ ಇಬ್ಬರನ್ನೂ ಬೆಳಿಗ್ಗೆಯೇ ಇಲ್ಲಿಗೆ ಕಳಿಸು. ಆ ವಾಸನೆಯಲ್ಲಿ ಮಗು ಇರುವುದು ಬೇಡ. ಹೋಳಿಗೆ ಈಗಲೇ ಬೇಕೋ ಹಬ್ಬಕ್ಕೇ ಆಗಲೋ ಅಂತ ದೀಪಾನ ಕೇಳಿ ಹೇಳು, ಬೇಳೆ ತರಿಸಬೇಕು.

ಇಂತಿ,
ನಿನ್ನ ದೊಡ್ಡಮ್ಮ