ಮುಂದಿನ ಕವಿತೆ ಹಾಕುವ ಮುನ್ನ

ಎಲ್ಲರಿಗೂ ನಮಸ್ಕಾರ. ಈ ಸಲದ ವಿಷಯ ‘ಅಗಲಿಕೆ’. ಬಂದಿರುವ ಕವಿತೆಗಳಲ್ಲಿ ಕಂಬನಿ, ಮೌನ, ಕತ್ತಲೆ ಬೇಕಾದಷ್ಟಿವೆ. ಅಗಲಿದವರು ಮಾತ್ರ ಎಲ್ಲೂ ಕಾಣಿಸುತ್ತಿಲ್ಲ. ದಯವಿಟ್ಟು ನಿಮ್ಮ ಅನುಭವದಿಂದ ಒಂದಾದರೂ ವಸ್ತು ತನ್ನಿ: ಅರ್ಧ ಖಾಲಿಯಾದ ಮಾತ್ರೆಯ ಸ್ಟ್ರಿಪ್, ಕಡ್ಡಿ ಮುರಿದು ದಾರ ಸುತ್ತಿದ ಕನ್ನಡಕ, ಫೋನಿನಲ್ಲಿ ಇನ್ನೂ ಅಳಿಸದ ನಂಬರು. ಅದನ್ನು ಸರಿಯಾಗಿ ತೋರಿಸಿದರೆ ‘ದುಃಖ’ ಎಂದು ಬರೆಯುವ ಪ್ರಮೇಯವೇ ಬರುವುದಿಲ್ಲ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಹುಟ್ಟಿದ್ದು ಮಗುವಿನ ಸಾವಿನಿಂದ. ಕವಿತೆ ನಿಂತಿರುವುದು ಹೆಂಡತಿಯ ನೋಟದ ಮೇಲೆ.

ನಡೆದದ್ದನ್ನು ನಡೆದ ಹಾಗೇ ಬರೆಯಬೇಕೆಂದಿಲ್ಲ. ಇಬ್ಬರನ್ನು ಒಬ್ಬರಾಗಿಸಿ, ಊರು ಬದಲಿಸಿ, ಅವತ್ತು ಮಳೆ ಬಂದಿರದಿದ್ದರೆ ತರಿಸಿ (ನಮ್ಮ ಗುಂಪಿನಲ್ಲಿ ಮಳೆ ತುಸು ಜಾಸ್ತಿಯೇ ಆಗಿದೆ, ಅದು ಬೇರೆ ಮಾತು). ಗಾಯ ಇನ್ನೂ ಹಸಿಯಾಗಿದ್ದರೆ ಟಿಪ್ಪಣಿ ಮಾಡಿಟ್ಟುಕೊಳ್ಳಿ, ಕವಿತೆಗೆ ಅವಸರ ಬೇಡ. ಬೇರೆಯವರ ಮನೆಯ ಸಂಕಟ ಬರೆಯುವುದಾದರೆ ಗುರುತು ಸಿಗದಂತೆ ನೋಡಿಕೊಳ್ಳಿ, ಅವರೂ ಓದಿಯಾರು.

ಪ್ರತಿಕ್ರಿಯೆ ಬರೆಯುವವರು “ಇದು ನಿಜವಾಗಿ ನಡೆದದ್ದಾ?” ಎಂದು ಗುಂಪಿನಲ್ಲಿ ಕೇಳಬೇಡಿ. ಸಾಲುಗಳ ಬಗ್ಗೆ ಮಾತಾಡಿ. ತಿದ್ದಿದ ಕವಿತೆಗಳನ್ನು ಭಾನುವಾರ ರಾತ್ರಿಯೊಳಗೆ ಟೈಪ್ ಮಾಡಿ ಹಾಕಿ, ಫೋಟೊ ಬೇಡ.