ಬೆರಳಿನ ಹಿಂದೆ ಯಾರಿದ್ದಾರೆ ನೋಡು

ಚಿ. ಸುಮಂತನಿಗೆ ಸೋದರಮಾವನ ಆಶೀರ್ವಾದಗಳು.

ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಸೇನಾ ಭರ್ತಿಯ ಪೋಸ್ಟರ್‌ಗಳ ಮೇಲೆ ಪ್ರಬಂಧ ಬರೆಯುತ್ತೀಯೆಂದು ತಿಳಿದು ಸಂತೋಷವಾಯಿತು. ಚಿತ್ರಕ್ಕಿಂತ ಮೊದಲು ಇಸವಿ ನೋಡು. 1916ರ ಜನವರಿಯಲ್ಲಿ ಕಡ್ಡಾಯ ಸೇವೆಯ ಕಾನೂನು ಬರುವ ತನಕ ಅಲ್ಲಿ ಸೈನ್ಯಕ್ಕೆ ಸೇರುವುದು ಅವರವರ ಇಷ್ಟ. ಕಾನೂನಿನಿಂದ ಆಗದ ಕೆಲಸವನ್ನು ನಾಚಿಕೆಯಿಂದ ಮಾಡಿಸಬೇಕಿತ್ತು.

ಬೆರಳು ತೋರಿಸುವ ಕಿಚನರ್ (ಆಗಿನ ಬ್ರಿಟಿಷ್ ಯುದ್ಧಮಂತ್ರಿ) ಚಿತ್ರ ಎಲ್ಲರಿಗೂ ಗೊತ್ತು. 1914ರ ಸೆಪ್ಟೆಂಬರ್ 5ರಂದು ಅದು ಮೊದಲು ಬಂದದ್ದು ಒಂದು ವಾರಪತ್ರಿಕೆಯ ಮುಖಪುಟದಲ್ಲಿ. ಅದರ ಮೇಲೆ ಒಂದು ಪ್ಯಾರಾ ಸಾಕು.

ನೀನು ನಿಧಾನವಾಗಿ ನೋಡಬೇಕಾದದ್ದು 1915ರ ಅಪ್ಪ-ಮಕ್ಕಳ ಪೋಸ್ಟರ್. ಅಪ್ಪ ಕುರ್ಚಿಯಲ್ಲಿ, ತೊಡೆಯ ಮೇಲೆ ಪುಸ್ತಕ ಹಿಡಿದ ಮಗಳು, ಕಾಲಡಿ ಗೊಂಬೆ ಸೈನಿಕರನ್ನು ಜೋಡಿಸುತ್ತಿರುವ ಮಗ. 'ಅಪ್ಪಾ, ಮಹಾಯುದ್ಧದಲ್ಲಿ ನೀನೇನು ಮಾಡಿದೆ?' ಅಕ್ಷರಗಳನ್ನು ಕೈಯಲ್ಲಿ ಮುಚ್ಚಿ ನೋಡು: ಮಕ್ಕಳ್ಯಾರೂ ನಿನ್ನನ್ನು ನೋಡುತ್ತಿಲ್ಲ, ಅಪ್ಪನೊಬ್ಬನೇ ನೋಡುತ್ತಾನೆ. ಈಗ ಕ್ರಿಯಾಪದ ಗಮನಿಸು. 'ಮಾಡಿದೆ' ಅನ್ನುವಾಗ ಯುದ್ಧ ಮುಗಿದಿದೆ, ಮನೆ ಉಳಿದಿದೆ. ಹೋಗದವನಿಗೆ ನಾಳೆ ಅವಮಾನ ಅನ್ನುವುದಷ್ಟೇ ಚಿತ್ರದಲ್ಲಿದೆ. ಹೋದವನು ತಿರುಗಿ ಬಾರದಿದ್ದರೆ ಆ ಕುರ್ಚಿ ಖಾಲಿ ಅನ್ನುವುದು ಎಲ್ಲೂ ಇಲ್ಲ. ನನ್ನ ಮಟ್ಟಿಗೆ ಇದು ಕಿಚನರ್ ಬೆರಳಿಗಿಂತ ಕ್ರೂರ, ಏಕೆಂದರೆ ಸ್ವಂತ ಮಕ್ಕಳ ಬಾಯಿಂದ ಕೇಳಿಸುತ್ತದೆ.

ಪ್ರಚಾರ ಅಂದರೆ ಸುಳ್ಳು ಎಂದು ಬರೆದುಬಿಡಬೇಡ ಮಗೂ. 1914ರ ಡಿಸೆಂಬರ್ 16ರಂದು ಜರ್ಮನ್ ಯುದ್ಧನೌಕೆಗಳು ಇಂಗ್ಲೆಂಡಿನ ಕರಾವಳಿ ಊರು ಸ್ಕಾರ್‌ಬರೋ ಮೇಲೆ ಗುಂಡು ಹಾರಿಸಿದ್ದು ನಿಜ. ಆ ದಾಳಿಯ ಪೋಸ್ಟರ್‌ನಲ್ಲಿ ಒಡೆದ ಮನೆಯೊಂದರ ಚಿತ್ರ, ಅದರ ಬೀದಿ, ಬಾಗಿಲ ಸಂಖ್ಯೆ, ಸತ್ತ ಕಿರಿಯ ಮಗುವಿಗೆ 5 ವರ್ಷ ಎಂಬ ವಿವರ. ಅಷ್ಟು ಖಚಿತವಾಗಿರುವುದರಿಂದಲೇ ಓದಿದವನ ಮೈ ಉರಿಯುತ್ತದೆ. ಮೋಸ ಇರುವುದು ಮುಂದಿನ ಹೆಜ್ಜೆಯಲ್ಲಿ: ಗುಂಡು ಬಂದದ್ದು ಸಮುದ್ರದಿಂದ, ಭರ್ತಿಯಾದವರಲ್ಲಿ ಬಹಳ ಮಂದಿ ಹೋದದ್ದು ಫ್ರಾನ್ಸಿನ ಕಂದಕಗಳಿಗೆ. ಆ ಅಂತರವನ್ನು ಸಿಟ್ಟು ಮುಚ್ಚಿತು.

'ಗೆಳೆಯರೊಟ್ಟಿಗೇ ಸೇರಿ, ಒಟ್ಟಿಗೇ ಇರಿ' ಎಂಬ ಪಾಲ್ಸ್ ಬೆಟಾಲಿಯನ್‌ಗಳ (ಒಂದೇ ಊರಿನ ಗೆಳೆಯರನ್ನು ಸೇರಿಸಿ ಕಟ್ಟಿದ ತುಕಡಿಗಳ) ಭರವಸೆಯನ್ನೂ ಸೇರಿಸು. ಮಾತು ಉಳಿಸಿಕೊಂಡರು. 1916ರ ಜುಲೈ 1ರಂದು ಫ್ರಾನ್ಸಿನ ಸೆರ್ ಹಳ್ಳಿಯ ಮುಂದೆ ಇಂಗ್ಲೆಂಡಿನ ಆಕ್ರಿಂಗ್ಟನ್ ಊರಿನ ತುಕಡಿಯ ಸುಮಾರು 700 ಜನರಲ್ಲಿ 580ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಒಂದೇ ಊರಿನ ಸುತ್ತಮುತ್ತಲ ಬೀದಿಗಳಿಗೆ ಸುದ್ದಿ ಒಟ್ಟಿಗೇ ಬಂತು.

ಪ್ರತಿ ಪೋಸ್ಟರ್ ಕೆಳಗೆ ಮೂರು ಸಾಲು ಬರೆದುಕೋ: ಕೇಳುತ್ತಿರುವವರು ಯಾರು, ಯಾರೆದುರು ತಲೆತಗ್ಗಿಸಬೇಕು ಅನ್ನುತ್ತದೆ, ಚಿತ್ರದಲ್ಲಿ ಯಾರಿಲ್ಲ. ಮೂರನೆಯದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಅವಸರ ಮಾಡಬೇಡ. ಕರಡು ಆದ ಮೇಲೆ ಕಳಿಸು.

ನಿನ್ನ ಮಾವ